ಬಿಸಿನೀರಿಗೆ ಐಸ್ ಅಂದವಳು

ಮೊದಲ ಸಲದ ಮಾತಿನ ಪರೀಕ್ಷೆಯಲ್ಲಿ ನಾನು ಬಿಸಿನೀರನ್ನು ಐಸ್ ಮಾಡಿಟ್ಟೆ. ಪರೀಕ್ಷೆ ಜರ್ಮನ್ ಭಾಷೆಯದು, ನಡೆದದ್ದು ಬೆಂಗಳೂರಿನಲ್ಲಿ. ನಾನು ನರ್ಸ್, ಎದುರಿಗೆ ಕೂತ ಪರೀಕ್ಷಕಿ ರೋಗಿ, ಹಾಗೆಂದುಕೊಂಡು ಇಬ್ಬರೂ ಮಾತಾಡಬೇಕು. ಆಕೆಗೆ ಕಾಲುನೋವು. ನಾನು ಬಿಸಿನೀರಿನ ಟಬ್ಬು ತಂದಿಟ್ಟು, 'ಹುಷಾರು, ನೀರು ಬಿಸಿಯಿದೆ' ಅನ್ನಬೇಕು. ಜರ್ಮನ್ನರು ಬಿಸಿಗೆ 'ಹೈಸ್' ಅನ್ನುತ್ತಾರೆ. ನನ್ನ ಬಾಯಿಂದ ಬಂದದ್ದು 'ಐಸ್'. ಅವರ ಭಾಷೆಯಲ್ಲೂ ಐಸ್ ಅಂದರೆ ನಮ್ಮ ಐಸೇ. ಆಕೆ ಕಾಲು ಹಿಂದಕ್ಕೆಳೆದುಕೊಂಡು, 'ಐಸಾ?' ಎಂದು ಕೇಳಿದರು. ನಾನು ಧೈರ್ಯವಾಗಿ, 'ಹೌದು, ತುಂಬಾ ಐಸ್, ಕಾಲಿಗೆ ಒಳ್ಳೆಯದು' ಅಂದೆ. ಆಕೆ ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಆದರೂ ಅಲ್ಲಿಂದಾಚೆ ಕೇಳಿದ್ದಕ್ಕೆಲ್ಲ ನಾನು ಹೌದು, ಇಲ್ಲ ಎರಡರಲ್ಲೇ ಮುಗಿಸಿದೆ. ಓದುವುದು, ಬರೆಯುವುದು, ಕೇಳುವುದು ಮೂರರಲ್ಲೂ ಪಾಸು. ಮಾತಿನಲ್ಲಿ ಫೇಲು.

ನಮ್ಮೂರು ಹನಕೆರೆ. ಮದ್ದೂರಿಗೂ ಮಂಡ್ಯಕ್ಕೂ ನಡುವೆ ರೈಲು ನಿಲ್ಲುವ ಊರು. ಹನಕೆರೆ ಎಂದು ಬರೆಯುತ್ತೇವೆ, ಅನ್ಕೆರೆ ಅನ್ನುತ್ತೇವೆ. ಹಾಲು ನಮಗೆ ಆಲು, ಹಲ್ಲು ಅಲ್ಲು, ಹಿಟ್ಟು ಇಟ್ಟು. ಹಸಿದು ಬಂದವನಿಗೆ ಬಿಸಿ ಇಟ್ಟು, ಸೊಪ್ಪಿನ ಸಾರು ಸಿಕ್ಕಿದರೆ ಸಾಕು, ಹಕಾರ ಎಲ್ಲಿ ಹೋಯಿತು ಎಂದು ಯಾರೂ ಹುಡುಕುವುದಿಲ್ಲ. ಮೈಸೂರಿನ ನರ್ಸಿಂಗ್ ಕಾಲೇಜಿನಲ್ಲಿ ಹುಡುಕಿದರು. ಹಾಸ್ಟೆಲಿನ ಹುಡುಗಿಯರು ನನ್ನನ್ನು ಕಂಡರೆ ಸಾಕು, 'ಅಕ್ಕಿ ಆರ್ತಾ ಅದೆ ನೋಡು' ಎಂದು ಆಡಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ನಮ್ಮೂರಿನ ಮಾತು ನಾನಾಡಿದರೆ ಇವರ ಗಂಟೇನು ಹೋಯಿತು ಎಂದು ಇನ್ನೂ ಜೋರಾಗಿಯೇ ಆಡಿದೆ. ಆ ಹಠ ತಪ್ಪೆಂದು ಈಗಲೂ ಅನ್ನಿಸಿಲ್ಲ. ಆದರೆ ರೋಗಿಯ ಕಾಲು ಸುಡುವ ಪ್ರಶ್ನೆ ಬಂದಾಗ ಹಠದ ದಿಕ್ಕು ಬದಲಾಗಬೇಕು.

ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆ ನನಗೆ ಕೆಲಸ ಕೊಡಲು ಒಪ್ಪಿತ್ತು, ಭಾಷೆಯ ಪರೀಕ್ಷೆ ಪಾಸಾದರೆ ಮಾತ್ರ. ಫೇಲಾದ ಸುದ್ದಿ ತಿಳಿಸಿದಾಗ, ಇನ್ನೊಂದು ಸಲ ಕಾಯುತ್ತೇವೆ, ಅದೂ ಆಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಂದ ಉತ್ತರ ಬಂತು. ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ಹೊಸಬರಿಗೆಲ್ಲ ಕೆಲಸ ಹೇಳಿಕೊಟ್ಟವಳು ನಾನು. ಅವರು ಒಬ್ಬೊಬ್ಬರಾಗಿ ಎಲ್ಲೆಲ್ಲಿಗೋ ಹೊರಟುಹೋದರು, ನಾನು ಅದೇ ವಾರ್ಡಿನಲ್ಲಿ ಅದೇ ಕಿಟಕಿಯ ಪಕ್ಕ ಉಳಿದೆ. ಈ ಸಲ ಹೊರಡುವವಳು ನಾನೇ ಎಂದು ತೀರ್ಮಾನಿಸಿಯಾಗಿತ್ತು. ಇನ್ನೊಂದು ಸಲ ಫೇಲಾದರೆ ಆ ಬಾಗಿಲು ಮುಚ್ಚಿದಂತೆಯೇ.

ಭಾಷೆ ಬರಬೇಕಾದರೆ ಆ ದೇಶದಲ್ಲಿರಬೇಕು ಅನ್ನುತ್ತಾರೆ. ಆ ದೇಶಕ್ಕೆ ಹೋಗಬೇಕಾದರೆ ಭಾಷೆ ಬರಬೇಕು. ಹುಚ್ಚು ಬಿಡೋವರೆಗೂ ಮದುವೆಯಾಗೋಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡೋಲ್ಲ ಅನ್ನುವ ಗಾದೆಯನ್ನು ನನಗಾಗಿಯೇ ಕಟ್ಟಿರಬೇಕು. ಆದ್ದರಿಂದ ಜರ್ಮನಿಯನ್ನೇ ಹನಕೆರೆಗೆ ಕರೆದು ತಂದಿದ್ದೆ. ಫೋನಿನ ಭಾಷೆ ಬದಲಿಸಿದೆ. ಕೆಲಸಕ್ಕೆ ಹೋಗುವ ರೈಲಿನಲ್ಲಿ ಅವರ ರೇಡಿಯೋ ಕೇಳಿದೆ. ಮೊದಮೊದಲು ಹವಾಮಾನ ವರದಿಯೊಂದೇ ಅರ್ಥವಾಗುತ್ತಿದ್ದದ್ದು, ಹಾಗಾಗಿ ಅಲ್ಲಿನ ಯಾವುದೋ ಊರಿನಲ್ಲಿ ಹಿಮ ಬಿದ್ದದ್ದು ಗೊತ್ತಾಗುತ್ತಿತ್ತು, ನಮ್ಮೂರಿನಲ್ಲಿ ಮಳೆ ಬಂದಾಗ ಒಣಹಾಕಿದ ಬಟ್ಟೆ ನೆನೆದದ್ದು ಗೊತ್ತಾಗುತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮ ನೋಡಿದೆ. ಅವ್ವ ಒಲೆಯ ಮುಂದೆ ಹಿಟ್ಟು ತೊಳಸುವಾಗ ನಾನು ಪಕ್ಕದಲ್ಲಿ ಕೂತು, ಯಾರೋ ಅಜ್ಜಿ ಆಲೂಗಡ್ಡೆ ಬೇಯಿಸುವ ವಿಡಿಯೋ ನೋಡಿದೆ. ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಗದ್ದಲಕ್ಕೆ ಬರವಿರಲಿಲ್ಲ. ಅದರ ಜೊತೆಗೆ ಇದೂ ಒಂದು.

ಇಷ್ಟೆಲ್ಲ ಮಾಡಿ ಕಿವಿ ಪಳಗಿತ್ತು, ಬಾಯಿ ಪಳಗಿರಲಿಲ್ಲ. ಅದು ತಿಳಿದದ್ದು ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಳವಳ್ಳಿಯ ಅಕ್ಕನ ಮನೆಗೆ ಹೋದಾಗ. ಮದ್ದೂರಿನ ಮೇಲೆ ಹೋಗುವ ಆ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಭಾಷೆ ಕಿವಿಗೆ ಬೀಳಲಿ ಎಂದು ಫೋನಿನಲ್ಲಿ ಮ್ಯಾಪ್ ಹಾಕಿಕೊಂಡಿದ್ದೆ. ಒಳಗಿನ ಹೆಂಗಸು ತಿರುವು ಬಂದಾಗಲೆಲ್ಲ ಗದರುತ್ತಿದ್ದಳು.

"ಯಾರಮ್ಮಿ ಅವ್ಳು, ಆಗ್ಲಿಂದ ಬಯ್ತಾನೇ ಅವ್ಳೆ?" ಅಂದಳು ಅವ್ವ.

"ಬಯ್ತಿಲ್ಲ ಕಣವ್ವ, ದಾರಿ ಏಳ್ತಾವ್ಳೆ."

"ನೀನೇನು ಮಳವಳ್ಳಿ ಕಾಣ್ದೋಳಾ?"

ಹಿಂದಿರುಗುವಾಗ ಆ ಹೆಂಗಸು 'ಹಾನಾಕೇರೆ' ಅಂದಳು. ಒಮ್ಮೆ ಅಂದು ಸುಮ್ಮನಾಗದೆ ಇನ್ನೊಮ್ಮೆ ಅಂದಳು. ಹಕಾರ ತುಂಬಿ ತುಳುಕುತ್ತಿತ್ತು. ಎಲ್ಲಿಯೋ ಕೂತ ಯಂತ್ರದ ಬಾಯಲ್ಲಿ ನಮ್ಮೂರಿನ ಮೊದಲಕ್ಷರ ಗಟ್ಟಿಯಾಗಿ ನಿಂತಿದೆ, ಆ ಊರಿನಲ್ಲಿ ಹುಟ್ಟಿದ ನನ್ನ ಬಾಯಲ್ಲಿ ಇಲ್ಲ. ಹೊಟ್ಟೆ ಉರಿಯಿತು. ಸ್ಕೂಟರ್ ಓಡಿಸುತ್ತಲೇ ನಾನೂ ಗಟ್ಟಿಯಾಗಿ ಹೇಳಿ ನೋಡಿದೆ. ಬಾಯಿಗೆ ಗಾಳಿ ಹೋಯಿತೇ ಹೊರತು ಹಕಾರ ಬರಲಿಲ್ಲ.

ಆಮೇಲೆ ಬಂತು, ಬೇಡದ ಕಡೆಯೆಲ್ಲ ಬಂತು. ವಾರ್ಡಿನಲ್ಲಿ ಒಬ್ಬ ಯಜಮಾನರನ್ನು 'ಹಿಂಜೆಕ್ಷನ್ ಹಾಯ್ತಾ?' ಎಂದು ಕೇಳಿದೆ. ಜೊತೆಯ ನರ್ಸುಗಳು ಬಾಗಿಲಿನ ಹಿಂದೆ ನಿಂತು ಬಿದ್ದು ಬಿದ್ದು ನಕ್ಕರು. ನಗಲಿ ಎಂದುಕೊಂಡೆ. ನಕ್ಕವರು ಪರೀಕ್ಷೆ ಬರೆಯುವುದಿಲ್ಲ.

ಮನೆಯಲ್ಲಿ ಮಾತಿನ ಅಭ್ಯಾಸಕ್ಕೆ ನನಗೊಬ್ಬ ರೋಗಿ ಬೇಕಿತ್ತು. ಅವ್ವನನ್ನು ಮಂಚದ ಮೇಲೆ ಮಲಗು ಅಂದೆ.

"ಗಟ್ಟಿಮುಟ್ಟಾಗಿರೋಳ್ನ ಕಾಯ್ಲೆಗೆ ಬೀಳುಸ್ತೀಯಾ? ಬುಡ್ತು ಅನ್ನು ಮೊದ್ಲು."

"ಬುಡ್ತು," ಅಂದೆ. ಆಮೇಲೆಯೇ ಅವಳು ಕಾಲು ನೀಡಿ ಕೂತದ್ದು. ಕೂತ ಮೇಲೆ ಮಾತ್ರ ಸುಳ್ಳು ಕಾಯಿಲೆಯನ್ನು ನಿಜದ ಕಾಯಿಲೆಗಿಂತ ಚೆನ್ನಾಗಿ ನರಳಿದಳು. ಜರ್ಮನ್ನರು ಕೆಮ್ಮಿಗೆ 'ಹೂಸ್ಟೆನ್' ಅನ್ನುತ್ತಾರೆಂದು ಹೇಳಿಕೊಟ್ಟಾಗ, "ಮ್ಯಾಲಿಂದ ಬರೋದ್ಕೆ ಕೆಳಗಿಂದ ಬರೋದ್ರ ಎಸ್ರು ಮಡಗವ್ರಲ್ಲ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಹೈಸ್ ಅಂದರೆ ಬಿಸಿ, ಐಸ್ ಅಂದರೆ ಐಸು, ಎರಡೂ ಬೇರೆ ಎಂದು ಬಿಡಿಸಿ ಹೇಳಿದೆ. ಅವ್ವ ಅದಕ್ಕೊಂದು ಕಾನೂನು ಮಾಡಿದಳು. ನಾನು ಹೈಸ್ ಅಂದರೆ ಅವಳು ಕಾಲಿಡುವುದಿಲ್ಲ. ಐಸ್ ಅಂದರೆ ಇಡುತ್ತಾಳೆ. ನೀರು ಮಾತ್ರ ಹಂಡೆಯಿಂದ ತೋಡಿದ ನಿಜವಾದ ಬಿಸಿನೀರೇ ಆಗಬೇಕು.

ನಾಲ್ಕಾರು ದಿನ ಸರಿಹೋಯಿತು. ಒಂದು ಸಂಜೆ ಡ್ಯೂಟಿ ಮುಗಿಸಿ ದಣಿದು ಬಂದವಳು ಬಕೆಟ್ಟು ಇಟ್ಟು, ಅದೇ ಹಳೆಯ 'ಐಸ್' ಅಂದುಬಿಟ್ಟೆ. ಅವ್ವ ಮರುಮಾತಿಲ್ಲದೆ ಕಾಲು ಅದ್ದಿದಳು. ತಡೆಯುವಷ್ಟರಲ್ಲಿ ಪಾದ ಕೆಂಪಾಗಿತ್ತು. ಬೊಬ್ಬೆ ಏಳಲಿಲ್ಲ, ಅದೇ ಪುಣ್ಯ. ನಾನು ತಣ್ಣೀರು ಸುರಿಯುತ್ತಾ ಅಳುತ್ತಾ, ಯಾಕವ್ವ ಇಟ್ಟೆ ಎಂದು ಜಗಳಕ್ಕೆ ನಿಂತೆ.

"ನೀನೇ ಅಂದ್ಯಲ್ಲ, ತಣ್ಗದೆ ಅಂತ," ಅಂದಳು. "ಅಲ್ಲಿರೋರು ನಿನ್ ಮಾತ್ ನಂಬಿ ತಾನೇ ಕಾಲಿಕ್ಕೋದು?"

ಅಂದು ನನಗೆ ಊಟ ಸೇರಲಿಲ್ಲ. ಪರೀಕ್ಷೆಯ ಭಯ ಹೋಗಿ ಬೇರೆಯದೇ ಭಯ ಹಿಡಿಯಿತು. ಈ ಬಾಯನ್ನು ಸರಿಮಾಡದೆ ಹೋಗುವುದಿಲ್ಲ ಎಂದು ಅಂದೇ ಗಟ್ಟಿಮಾಡಿಕೊಂಡೆ.

ಮುಂದಿನ ಭಾನುವಾರ ಅಂಗಳದಲ್ಲಿ ರಾಗಿ ಒಣಹಾಕಿದ್ದೆವು. ನಾನು ಜಗಲಿಯ ಮೇಲೆ ಕೂತು ಫೋನಿನೊಂದಿಗೆ ಗುದ್ದಾಡುತ್ತಿದ್ದೆ. ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡು ಬಂದು ರಾಗಿಗೆ ಬಾಯಿ ಹಾಕಿತು. ಅವ್ವ ಒಳಗಿನಿಂದಲೇ "ಹೈ! ಹೈ!" ಎನ್ನುತ್ತಾ ಓಡಿ ಬಂದಳು. ನಾನು ಕೂತಲ್ಲೇ ನೆಟ್ಟಗಾದೆ. ಹಾಲಿಗೆ ಆಲು ಅನ್ನುವ ಅವ್ವ ಹಸುವಿಗೆ ಐ ಅನ್ನಲಿಲ್ಲ, ಹೈ ಅಂದಳು. ಹೊಟ್ಟೆಯಾಳದಿಂದ ಬಂದ ಹಕಾರ.

"ಅವ್ವ, ಇನ್ನೊಂದ್ ಸಲ ಅನ್ನು."

"ಏನ್ನ?"

"ಅಸೀನ ಓಡ್ಸುದ್ಯಲ್ಲ, ಅದ್ನ."

"ಅಸ ಬಂದ್ರೆ ಅಂತೀನಿ. ಸುಮ್‌ಸುಮ್ಕೆ ಅನ್ನಕ್ಕೆ ನಂಗೇನು ಉಚ್ಚಾ?"

ಆಗ ತಿಳಿಯಿತು, ನಾವು ಹಕಾರ ಇಲ್ಲದವರಲ್ಲ. ಮನುಷ್ಯರ ಜೊತೆ ಆಡುವಾಗ ಅದನ್ನು ಬಿಟ್ಟು, ದನಕರುಗಳಿಗೆಂದು ಎತ್ತಿಟ್ಟುಕೊಂಡವರು. ಗದ್ದೆಯಲ್ಲಿ ನಾನೂ ಎಷ್ಟು ಸಲ ಹೈ ಅಂದಿದ್ದೇನೆ, ಹೋ ಅಂದಿದ್ದೇನೆ. ಎದ್ದುಹೋಗಿ ಅಂಗಳದ ಅಂಚಿನಲ್ಲಿ ನಿಂತಿದ್ದ ಹಸುವಿಗೆ "ಹೈ" ಅಂದೆ, ಅದಕ್ಕೆ ಒಂದು ಸಕಾರ ಸೇರಿಸಿದೆ. ಹೈಸ್. ಹಸು ಹಿಂದೆ ಸರಿಯಿತು. ಮತ್ತೆ ಅಂದೆ, ಇನ್ನೂ ಸರಿಯಿತು. ಆ ಬೀದಿಯ ಹಸು, ಆಡು, ಕೋಳಿ ಯಾವುದಕ್ಕೂ ಪರೀಕ್ಷೆಯವರೆಗೆ ನೆಮ್ಮದಿಯಿರಲಿಲ್ಲ. ಪಕ್ಕದ ಮನೆಯಾಕೆ, "ಓದಿ ಓದಿ ಇಂಗಾಗೋಯ್ತಾ ನಿಮ್ ಉಡ್ಗಿಗೆ?" ಎಂದು ಅವ್ವನನ್ನು ಕೇಳಿದರಂತೆ. "ನಿನ್ ಅಸೀನ ನೀನು ಕಟ್ಟಾಕಿದ್ರೆ ಅವ್ಳ್ಯಾಕೆ ಅಂತಿದ್ಲು," ಅಂದಳಂತೆ ಅವ್ವ.

ಎರಡನೆಯ ಸಲದ ಪರೀಕ್ಷೆಯಲ್ಲಿ ಕೊಟ್ಟ ಚೀಟಿಯಲ್ಲಿ ಕಾಲುನೋವು ಇರಲಿಲ್ಲ. ರೋಗಿಗೆ ಗಂಟಲು ನೋವು, ಕೆಮ್ಮು, ಕುಡಿಯಲು ಬಿಸಿ ಚಹಾ. ಅವರ ಭಾಷೆಯಲ್ಲಿ ಗಂಟಲಿಗೂ ಹಕಾರ, ಕೆಮ್ಮಿಗೂ ಹಕಾರ, ಬಿಸಿಗೂ ಹಕಾರ. ಬೇಕೆಂದೇ ಹುಡುಕಿ ಕೊಟ್ಟರೇನೋ ಅನ್ನಿಸಿತು. ಈ ಸಲ ಪರೀಕ್ಷಕರು ಗಂಡಸು, ನಗುವ ಮುಖವೂ ಅಲ್ಲ. ನಾನು ಪ್ರತಿ ಮಾತಿಗೂ ಮನಸ್ಸಿನಲ್ಲೇ ಒಂದೊಂದು ಹಸು ಓಡಿಸಿದೆ. ಚಹಾದ ಸರದಿ ಬಂದಾಗ ಇಲ್ಲದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಕಣ್ಣನ್ನೇ ನೋಡುತ್ತಾ, ನಿಧಾನವಾಗಿ 'ಹೈಸ್' ಅಂದೆ. ಅವರು ಆ ಇಲ್ಲದ ಲೋಟವನ್ನು ಊದಿ ಊದಿ ಕುಡಿದರು. ನನಗೆ ಅಲ್ಲೇ ಅರ್ಧ ಪಾಸಾದಷ್ಟು ಸಂತೋಷವಾಯಿತು.

ಫಲಿತಾಂಶ ಫೋನಿಗೆ ಬಂದಾಗ ಅವ್ವ ಹಂಡೆಯ ಒಲೆಗೆ ಸೋಗೆ ತುರುಕುತ್ತಿದ್ದಳು. ಪಾಸಾಯಿತು ಅಂದೆ. ಅವಳು ತಿರುಗಿ ನೋಡಲಿಲ್ಲ.

"ಅಂಗಾದ್ರೆ ಓಯ್ತೀಯ."

"ಓಯ್ತೀನಿ ಕಣವ್ವ."

ಇಷ್ಟು ದಿನ ಪಾಸು, ಫೇಲು ಎರಡೇ ನನ್ನ ತಲೆಯಲ್ಲಿದ್ದದ್ದು. ಪಾಸಾದರೆ ಅವ್ವನನ್ನು ಬಿಟ್ಟು ಹೋಗಬೇಕು ಅನ್ನುವುದು ಗೊತ್ತಿದ್ದರೂ ಎದೆಗೆ ಇಳಿದಿರಲಿಲ್ಲ, ಅದು ಆಗ ಇಳಿಯಿತು. ಗೆದ್ದ ಖುಷಿಯೂ ಇತ್ತು, ಅಳುವೂ ಒತ್ತಿ ಬಂತು. ಹೋಗುವ ದೇಶದ ಭಾಷೆಯನ್ನು ನನ್ನ ಬಾಯಿಗೆ ಕೂರಿಸಲು ಕಾಲು ಸುಟ್ಟುಕೊಂಡವಳು ಅವಳು. ಹೋಗಬೇಡ ಅಂದಿದ್ದರೆ ಏನು ಮಾಡುತ್ತಿದ್ದೆನೋ, ನನಗೇ ತಿಳಿಯದು.

ಅವ್ವ ಒಲೆ ಊದಿ, ಹೊಗೆಗೆ ಕಣ್ಣೊರೆಸಿಕೊಂಡು ಎದ್ದಳು.

"ಓಗು. ಆದ್ರೆ ಅಲ್ಲಿ ಯಾರ್ಗೇ ನೀರು ಆಕೋವಾಗ್ಲೂ ಮೊದ್ಲು ನಿನ್ ಕೈ ಇಕ್ಕಿ ನೋಡು. ಬಾಯೊಂದ್ನೇ ನಂಬ್ಕಬ್ಯಾಡ."