ದರ್ಜಿಯ ಒಂದಿಂಚು

ಟೇಪು ಮಾಸ್ಟರು ಕೊರಳಲ್ಲಿ ಅಳತೆಪಟ್ಟಿ ಇಲ್ಲದೆ ಊಟಕ್ಕೂ ಕೂತವರಲ್ಲ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅವರು ಕತ್ತರಿಸಿ ಹೊಲಿದರೆ ಹೆಂಡತಿ ಕಾಜಾ ತೆಗೆದು ಗುಂಡಿ ಹಾಕುವಳು. ಇಬ್ಬರ ಕೆಲಸಕ್ಕೂ ಮೇಲ್ವಿಚಾರಕರಂತೆ ಗಾಜಿನ ತೊಟ್ಟಿಯಲ್ಲಿ ಮೂರು ಡೊಳ್ಳುಹೊಟ್ಟೆಯ ಗೋಲ್ಡ್‌ಫಿಶ್‌ಗಳು.

ತೊಟ್ಟಿ ಕೂತಿದ್ದ ಮರದ ಬೀರು ಬಡಗಿ ಮಾವ ಮಾಡಿಕೊಟ್ಟದ್ದು. ಮಾವನಿಗೆ ಬೇರೆಯವರ ಅಳತೆ ಎಂದರೆ ಆಗದು, ಸ್ವಂತ ಅಣ್ಣ ಹೇಳಿದರೂ ಹೋಗಿ ಮತ್ತೆ ಅಳೆಯುವ ಆಸಾಮಿ. ಅಂಥವರು ಬಾಗಿಲಿಗೂ ಗೋಡೆಯ ಮೂಲೆಗೂ ನಡುವಿನ ಜಾಗಕ್ಕೆ ಅಳಿಯ ಹೇಳಿದ ಅಳತೆಯ ಮೇಲೇ, ಬಂದು ನೋಡದೆ, ಬೀರು ಮಾಡಿ ತಂದಿಟ್ಟರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅಂದಿನಿಂದ ಅಂಗಡಿಗೆ ಕಾಲಿಟ್ಟ ಗಿರಾಕಿಗೆಲ್ಲ ಮಾಸ್ಟರು ಎದೆಯುಬ್ಬಿಸಿ ಹೇಳುವ ಮಾತು ಒಂದೇ: "ನಮ್ಮ ಮಾವ ಜೀವಮಾನದಲ್ಲಿ ಒಪ್ಪಿಕೊಂಡಿದ್ದು ಒಂದೇ ಅಳತೆ. ಅದು ನಂದು!" ಮಾವ ಇದ್ದಷ್ಟು ದಿನವೂ ಇದನ್ನು ಕೇಳಿ, ಮೀಸೆಯಡಿಯಲ್ಲೇ ನಕ್ಕು, ಟೀ ಕುಡಿದು ಹೋಗುತ್ತಿದ್ದರು.

ಹೀಗಿರಲು ಒಂದು ದಿನ ತೊಟ್ಟಿಯ ಅಂಚಿಗೆ ನೇತುಹಾಕಿದ್ದ ಫಿಲ್ಟರ್ ಕಸ ಕಟ್ಟಿಕೊಂಡು ಉಕ್ಕಿತು. ನೀರು ಸುರಿದದ್ದು ಹಲ್ಲಿನ ಡಾಕ್ಟರ ಹೊಸ ಕೋಟಿನ ಮೇಲೆ. ಕೋಟು ಒಯ್ಯಲು ಬಂದ ಡಾಕ್ಟರು ಸಿಟ್ಟಾಗಲಿಲ್ಲ, ಕೊಡುವುದಾದರೆ ನನಗಿರಲಿ ಎಂದು ಮೀನು ನೋಡುತ್ತ ನಿಂತರು. ಅದೇ ಎಡವಟ್ಟಾಯಿತು.

"ಭಾನುವಾರ ಐದು ಗಂಟೆವರೆಗೂ ಟೈಮು," ಎಂದಳು ಹೆಂಡತಿ. "ಆ ಫಿಲ್ಟರು ಬೀರು ಒಳಗೆ ಹೋಗ್ಬೇಕು. ಇಲ್ಲಾಂದ್ರೆ ಮೀನು ಡಾಕ್ಟ್ರ ಕ್ಲಿನಿಕ್ಕಿಗೆ ಹೋಗತ್ತೆ. ಅವ್ರಿಗೆ ಹೇಳಾಗಿದೆ."

ಮಾಸ್ಟರ ಜೀವ ಬಾಯಿಗೆ ಬಂತು. ಉಪಾಯವೇನೋ ಇತ್ತು. ಬೀರುವಿನೊಳಗೆ ಇನ್ನೊಂದು ತೊಟ್ಟಿ ಇಟ್ಟು, ಮೇಲಿನ ನೀರನ್ನು ಪೈಪಿನಲ್ಲಿ ಇಳಿಸಿ, ಸ್ಪಂಜಿನಲ್ಲಿ ಸೋಸಿ, ಪಂಪಿನಿಂದ ಮತ್ತೆ ಮೇಲೇರಿಸುವುದು. ಇದಕ್ಕೆ ಸಂಪು ಎನ್ನುತ್ತಾರೆ. ಮಾಸ್ಟರು ಬೀರುವಿನ ಬಾಗಿಲ ಅಗಲ ಅಳೆದು, ಚೀಟಿಯಲ್ಲಿ ಬರೆದುಕೊಂಡು ಗುಜರಿ ಅಂಗಡಿಗೆ ಓಡಿದರು.

ಗುಜರಿಯವನು ಮೊದಲು ಥಳಥಳ ಹೊಳೆಯುವ ತೊಟ್ಟಿಯನ್ನು ಮುಂದಿಟ್ಟ. ಮಾಸ್ಟರು ಮೂಲೆಗೆ ಉಗುರು ಒತ್ತಿ ನೋಡಿದರು. ಹಳೇ ಸಿಲಿಕಾನ್ ಅಂಟಿನ ಮೇಲೇ ಹೊಸದು ಬಳಿದಿತ್ತು.

"ತೇಪೆ ಮೇಲೆ ತೇಪೆ ಹಾಕಿದ್ದೀಯಲ್ಲಪ್ಪ. ದರ್ಜಿ ಕಣ್ಣಿಗೇ ಮಣ್ಣೆರಚ್ತೀಯಾ?"

ಕೊನೆಗೆ ಅವರು ಚೀಟಿಯ ಅಳತೆ ನೋಡಿ ಆರಿಸಿದ್ದು ಮೂಲೆಯಲ್ಲಿ ಬಿದ್ದಿದ್ದ, ಬಿಳಿ ಉಪ್ಪು ಗಟ್ಟಿಯಾಗಿ ಹಿಡಿದಿದ್ದ ಕುರೂಪಿಯನ್ನು. ಅಂಚುಗಳ ಮೇಲೆ ಬೆರಳಾಡಿಸಿದರು, ಎಲ್ಲೂ ಚೂರು ಹಾರಿರಲಿಲ್ಲ. ಅಂಟು ಒಂದೇ ಎಳೆಯಾಗಿ ಮೂಲೆಯಿಂದ ಮೂಲೆಗೆ ಓಡಿತ್ತು. "ಇದ್ರಲ್ಲಿ ಬಣ್ಣ, ಔಷಧಿ ಏನಾದ್ರೂ ಇಟ್ಟಿದ್ರಾ?" ಎಂದು ಮೂರು ಸಲ ಕೇಳಿದರು. "ಮೀನೇ ಇತ್ತು ಮಾಸ್ಟ್ರೇ, ನನ್ನಾಣೆ," ಎಂದ ಗುಜರಿಯವನು.

ತೊಟ್ಟಿ ನೋಡಿ ಹೆಂಡತಿ ಮೂಗು ಮುರಿದು ಸೋಪಿನ ಪುಡಿ ತಂದಳು.

"ಅಯ್ಯೋ, ಸೋಪು ಬೇಡ ಕಣೇ! ಚೂರು ಉಳಿದ್ರೂ ಮೀನು ಸಾಯ್ತವೆ."

ವಿನೆಗರ್‌ನಲ್ಲಿ ಅದ್ದಿದ ಬಟ್ಟೆಚೂರುಗಳನ್ನು ಗಾಜಿಗೆ ಅಂಟಿಸಿ ಅರ್ಧ ದಿನ ಬಿಟ್ಟರು. ಉಪ್ಪು ಮೆತ್ತಗಾಯಿತು. ಅಂಟಿಗೆ ತಾಗದಂತೆ ಬ್ಲೇಡಿನಲ್ಲಿ ಕೆರೆದು, ಲೆಕ್ಕವಿಲ್ಲದಷ್ಟು ಸಲ ತೊಳೆದು, ಹಳೇ ಪೇಪರ್ ಹಾಸಿ ಅದರ ಮೇಲಿಟ್ಟು ನೀರು ತುಂಬಿಸಿದರು. ಮರುದಿನ ಹೆಂಡತಿಯೇ ಬಗ್ಗಿ ಪೇಪರ್ ಮುಟ್ಟಿ ನೋಡಿದಳು. ಗರಿಗರಿಯಾಗಿತ್ತು. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು.

"ಪರವಾಗಿಲ್ವೇ," ಎಂದಳು. ಅವಳ ಬಾಯಲ್ಲಿ ಇದು ಬಹುಮಾನವಿದ್ದಂತೆ.

ಭಾನುವಾರ ಬೆಳಿಗ್ಗೆ ಮೀನುಗಳನ್ನು ಟಬ್ಬಿಗೆ ಬಿಟ್ಟು, ಗುಜರಿ ತೊಟ್ಟಿಯನ್ನು ಬೀರುವಿನ ಬಾಗಿಲಿಗೆ ಹಿಡಿದರು. ಹೋಗಲಿಲ್ಲ. ಓರೆ ಮಾಡಿದರು, ತಿರುಗಿಸಿದರು. ಊಹೂಂ.

"ಎಷ್ಟು ಬರ್ಕೊಂಡಿದ್ರಿ?"

"ಇಪ್ಪತ್ತೊಂಬತ್ತು."

ಅವಳು ಗಂಡನ ಕೊರಳಿನಿಂದಲೇ ಟೇಪು ಎಳೆದು ಬಾಗಿಲು ಅಳೆದಳು. ಇಪ್ಪತ್ತೆಂಟು. ಗಂಡನ ಮುಖ ನೋಡಿದಳು. "ರೀ… ಹೊಲಿಗೆಗೆ ಅಂತ ಒಂದಿಂಚು ಬಿಟ್ರಾ?"

ಮಾಸ್ಟರು ಇಂಗು ತಿಂದ ಮಂಗನ ಹಾಗೆ ನಿಂತರು. ಮೂವತ್ತು ವರ್ಷ ಎಲ್ಲ ಅಳತೆಗೂ ಒಂದಿಂಚು ಸೇರಿಸಿ ಬರೆದ ಕೈ, ಮರದ ಬಾಗಿಲಿಗೂ ಸೇರಿಸಿಬಿಟ್ಟಿತ್ತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕು ನೆಲದ ಮೇಲೇ ಕೂತಳು. ಮಾಸ್ಟರಿಗೆ ನಗು ಬರಲಿಲ್ಲ. ಟಬ್ಬಿನಲ್ಲಿದ್ದ ಮೀನುಗಳತ್ತ ನೋಡಿ ಸಣ್ಣ ದನಿಯಲ್ಲಿ, "ಕೊಟ್ಬಿಡು ಡಾಕ್ಟ್ರಿಗೆ," ಎಂದರು.

ಅವಳ ನಗು ನಿಂತಿತು. ಗಂಡನ ಆ ಮುಖ ಅವಳಿಗೆ ನೋಡಲಾಗಲಿಲ್ಲ.

"ಇರಿ. ಬೀರು ಒಳಗೆ ಜಾಗ ಇದೆ, ಬಾಗ್ಲು ಮಾತ್ರ ಸಣ್ಣದು. ಅಪ್ಪ ಹಿಂದಿನ ಹಲಗೆಗೆ ಮೊಳೆ ಹೊಡೀತಿರ್ಲಿಲ್ಲ, ಸ್ಕ್ರೂ ಹಾಕ್ತಿದ್ರು. ನಾಳೆ ರಿಪೇರಿ ಮಾಡೋನು ಬೈಬಾರ್ದು ಅಂತ."

ಮೇಲಿನ ತೊಟ್ಟಿಯ ನೀರನ್ನು ಬಕೆಟ್ಟುಗಳಿಗೆ ತೆಗೆದು, ತೊಟ್ಟಿ ಇಳಿಸಿ, ಇಬ್ಬರೂ ಸೇರಿ ಬೀರುವನ್ನು ಗೋಡೆಯಿಂದ ಎಳೆದರು. ಹಿಂದಿನ ಹಲಗೆಗೆ ಸ್ಕ್ರೂಗಳೇ ಇದ್ದವು. ನಡುವೆ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಬರೆದ ಒಂದು ಸಾಲೂ ಇತ್ತು:

"ಅಳಿಯಂದಿರು ಹೇಳಿದ್ದು ೩೬. ಹೊಲಿಗೆಗೆ ಬಿಟ್ಟ ೧ ಕಳೆದು ೩೫."

ಮಾಸ್ಟರು ಎರಡು ಸಲ ಓದಿದರು. ಇಷ್ಟು ವರ್ಷ ಕೊಚ್ಚಿಕೊಂಡದ್ದೆಲ್ಲ ಕಿವಿಯಲ್ಲಿ ಮೊಳಗಿತು.

"ನಿಂಗೊತ್ತಿತ್ತಾ?"

"ನಂಗೂ ಹೇಳಿಲ್ಲ ಅಪ್ಪ. ಯಾರಿಗೂ ಹೇಳಿಲ್ಲ."

ಮಾಸ್ಟರು ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಸ್ಕ್ರೂ ಬಿಚ್ಚಿ ತೊಟ್ಟಿಯನ್ನು ಹಿಂದಿನಿಂದ ಒಳಗೆ ತಳ್ಳಿದರು. ಸಲೀಸಾಗಿ ಹೋಯಿತು.

ಐದಕ್ಕೆ ಡಾಕ್ಟರು ಬಂದಾಗ ಬೀರುವಿನೊಳಗಿಂದ ಪಂಪಿನ ಸಣ್ಣ ಗುಂಯ್‌ಗುಡುವಿಕೆ, ಮೇಲೆ ಮೂರು ಮೀನುಗಳ ಮಾಮೂಲಿ ಗಸ್ತು. "ಮೀನು ಕೊಡಲ್ಲ ಡಾಕ್ಟ್ರೇ, ಟೀ ಕೊಡ್ತೀನಿ," ಎಂದು ಹೆಂಡತಿ ಒಳಗೆ ಹೋದಳು.

ಡಾಕ್ಟರು ನಕ್ಕು ಬೀರುವಿನ ಮೇಲೆ ಕೈಯಾಡಿಸಿದರು. "ಏನ್ ಕರೆಕ್ಟಾಗಿ ಕೂತಿದೆ ಮಾಸ್ಟ್ರೇ! ಯಾರ ಅಳತೆ ಇದು?"

ಮಾಸ್ಟರು ಅಭ್ಯಾಸದಂತೆ ಎದೆಯುಬ್ಬಿಸಿದರು. ಬಾಯಿ ತೆರೆದವರು ಕೊರಳಿನ ಟೇಪನ್ನೊಮ್ಮೆ ಮುಟ್ಟಿಕೊಂಡರು.

"ನಮ್ಮ ಮಾವಂದು," ಎಂದರು.