ಹುಕ್ ಹಾಕಿದೆ, ಸೈಟು ಬೆಳ್ಳಗಾಯಿತು

1991. ನಾನು ಓದು ನಿಲ್ಲಿಸಿದ ವರ್ಷ. ಎಂಟನೆಯ ತರಗತಿಗೆ ಸಾಕು ಮಾಡಿ ಬೈಲಹೊಂಗಲದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿದೆ; ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಈಗ ಅದೇ ಕೆಲಸದ ಸ್ವಂತ ಅಂಗಡಿ ಇದೆ. ಅಂಥವನು ಹೋದ ತಿಂಗಳು ‘ನನ್ನ ವೆಬ್‌ಸೈಟ್ ನಾನೇ ಕಟ್ಟಿದೆ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರೆ ತಪ್ಪೇ?

ಯಾವ ಮೋಟಾರಿಗೆ ಎಷ್ಟು ಸುತ್ತು ತಂತಿ ಎಂದು ಬರೆದಿಟ್ಟ ಆ ಸೈಟು ಕಳೆದ ಮಂಗಳವಾರ ಮಾಯವಾಯಿತು.

ಫೋನ್ ಮಾಡಿ ತಿಳಿಸಿದ್ದು ಸಾಲಹಳ್ಳಿಯ ಶಾಂತವ್ವ. ಗಂಡ ತೀರಿಕೊಂಡ ಮೇಲೆ ಅವನ ರಿವೈಂಡಿಂಗ್ ಅಂಗಡಿ ಮುಚ್ಚದೆ ತಾನೇ ಕೆಲಸಕ್ಕೆ ಕುಳಿತ ಹೆಣ್ಣುಮಗಳು. (ಬಾಯಿ ಜೋರು. ಕೈ ಅದಕ್ಕಿಂತ ಚುರುಕು.)

“ಅಣ್ಣಾರ, ನಿಮ್ಮ ಪೇಜ್ ಬೆಳ್ಳಗಾಗೇತ್ರಿ. ಒಂದಕ್ಷರ ಕಾಣವಲ್ದು.”

“ನೆಟ್ ಇಲ್ಲೇನು ನೋಡವಾ.”

“ನೆಟ್ ಐತ್ರಿ. ಊರ ಮಂದೀದೆಲ್ಲಾ ಬರಾಕತ್ತೈತಿ, ನಿಮ್ದಷ್ಟ ಇಲ್ಲ.”

ಸುಮ್ಮನೆ ಸೈಟು ನೋಡಲು ಬಂದವರಲ್ಲ ಆಕೆ. ಗಿರಾಕಿಯೊಬ್ಬ ಮೋಟಾರಿನ ಹಳೆಯ ತಾಮ್ರದ ತಂತಿ ಕಿತ್ತು ಮಾರಿಕೊಂಡು, ಬರೀ ಬಾಡಿ ತಂದು ಮುಂದಿಟ್ಟಿದ್ದ. ಎಣಿಸಲು ಹಳೆಯ ಸುತ್ತೇ ಇಲ್ಲ; ಎಷ್ಟು ಸುತ್ತಬೇಕು ಎಂಬ ಲೆಕ್ಕ ನನ್ನ ಪುಟದಲ್ಲಿ ಮಾತ್ರ ಇತ್ತು. ಫೋನಿನಲ್ಲಿ ಅವನ ದನಿ ನನಗೂ ಕೇಳಿಸಿತು: “ಆಗೂದಿಲ್ಲ ಅಂದ್ರ ಹೇಳಿಬಿಡ್ರಿ ಅಕ್ಕಾರ, ರಾಮದುರ್ಗಕ್ಕ ಒಯ್ತೇನಿ.” ಒಬ್ಬ ಹಾಗೆ ಒಯ್ದರೆ ನಾಳೆ ಊರೇ ಒಯ್ಯುತ್ತದೆ. ಆಕೆಗೂ ಗೊತ್ತು, ನನಗೂ ಗೊತ್ತು.

ಏನಾಗಿತ್ತು? ನನ್ನ ವ್ಯವಸ್ಥೆ ಸರಳ. ಟಿಪ್ಪಣಿ ಬರೆದು ಗಿಟ್‌ಗೆ ಒಪ್ಪಿಸುತ್ತೇನೆ. (ಪ್ರತಿ ತಿದ್ದುಪಡಿಯನ್ನೂ ನೆನಪಿಡುವ ಸಾಫ್ಟ್‌ವೇರ್ ಅದು.) ಅಲ್ಲಿಂದ ಪುಶ್ ಮಾಡಿದ (ಎಂದರೆ ಆಚೆ ಕಳಿಸಿದ) ಕೂಡಲೇ ಸರ್ವರ್‌ನಲ್ಲಿ ಕಾದು ಕುಳಿತ ಪುಟ್ಟ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ಎದ್ದು ಜನರೇಟರನ್ನು ಓಡಿಸುತ್ತದೆ. (ಕರೆಂಟಿನದಲ್ಲ, ಪುಟ ಕಟ್ಟುವ ಸಾಫ್ಟ್‌ವೇರ್.) ಬರಹವೆಲ್ಲ ವೆಬ್ ಪುಟವಾಗುತ್ತದೆ. ಆ ಸ್ಕ್ರಿಪ್ಟಿಗೇ ಹುಕ್ ಎನ್ನುವುದು.

ಹುಕ್ ಬರೆದದ್ದು ನಾನೇ. ಬರೆದದ್ದೂ ರಿವೈಂಡಿಂಗ್‌ನವನ ಹಾಗೆ! ಹಳೆಯ ತಂತಿ ತೆಗೆಯದೆ ಹೊಸದು ಸುತ್ತಲಾಗುವುದಿಲ್ಲವಲ್ಲ? ಹಾಗೆಂದು ಮೊದಲ ಸಾಲಿನಲ್ಲೇ ಹಳೆಯ ಸೈಟನ್ನು ಅಳಿಸಿ, ಆಮೇಲೆ ಹೊಸದು ಕಟ್ಟು ಎಂದಿದ್ದೆ. ಅವತ್ತು ಹೊಸ ಪುಟ ಕಳಿಸಿದೆ, ಅದರ ಫೋಟೋ ಸೇರಿಸಲು ಮರೆತೆ. ಫೋಟೋ ಸಿಗದೆ ಜನರೇಟರ್ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಹಳೆಯದು ಹೋಗಿಯಾಗಿತ್ತು.

ಪುಣ್ಯಕ್ಕೆ ಬರೆದದ್ದೆಲ್ಲ ಗಿಟ್‌ನಲ್ಲಿ ಭದ್ರವಾಗಿತ್ತು. ಆ ಮೋಟಾರಿನ ಟಿಪ್ಪಣಿ ತೆರೆದು, ತಂತಿ ಕೂರುವ ಸ್ಲಾಟು, ಸುತ್ತು, ತಂತಿಯ ದಪ್ಪ, ಎಲ್ಲ ಫೋನಿನಲ್ಲೇ ಓದಿದೆ. ಶಾಂತವ್ವ ಬರೆದುಕೊಂಡರು. ಹೊಸದು ಕಟ್ಟುವ ಮೊದಲೇ ಹಳೆಯದನ್ನು ಅಳಿಸಿದೆ ಎಂದು ನಾನು ತಪ್ಪು ಒಪ್ಪಿಕೊಂಡೆ.

“ಹಳೇದು ಬಿಚ್ಚೂಕಿಂತ ಮೊದಲ ಸುತ್ತು ಎಣಿಸಿ ಬರಕೋರಿ ಅಂತ ನಿಮ್ಮ ಪೇಜಿನ್ಯಾಗ ದಪ್ಪಕ್ಷರದಾಗ ಬರದವ್ರು ಯಾರ್ರಿ?”

“ನಾನ ಬರದೇನಿ.”

“ಹಂಗಾರ ಒಮ್ಮೆ ಓದ್ರಲಾ!”

ಹೊಸದು ನಿಂತಿತೋ ಇಲ್ಲವೋ ನೋಡದೆ ಹಳೆಯದನ್ನು ಕಿತ್ತೆಸೆಯುವ ಆತುರ ನನ್ನೊಬ್ಬನದೇ? ನಮ್ಮ ಓಣಿಯಲ್ಲಿ ಹೊಸ ನಲ್ಲಿಗೆ ನೀರು ಬರುವ ಮೊದಲೇ ಹಳೆಯ ಬೋರಿನ ಪಂಪು ಎತ್ತಿದ್ದರು. ಅಂದು ನಾನೇ ಎಲ್ಲರಿಗಿಂತ ಜೋರಾಗಿ ಬೈದಿದ್ದೆ.

ಹುಕ್ ಬದಲಿಸಿದೆ. ಈಗ ಹೊಸ ಸೈಟು ಪಕ್ಕದ ಫೋಲ್ಡರಿನಲ್ಲಿ ಪೂರ್ತಿ ತಯಾರಾಗಬೇಕು, ಆಮೇಲಷ್ಟೇ ಹಳೆಯದಕ್ಕೆ ಬಿಡುಗಡೆ.

ಗುರುವಾರ ಶಾಂತವ್ವ ಒಂದು ವಿಡಿಯೋ ಕಳಿಸಿದರು. ಮೋಟಾರು ತಿರುಗುತ್ತಿತ್ತು. ಪಕ್ಕದಲ್ಲಿ ಗಿರಾಕಿ ದುಡ್ಡು ಎಣಿಸುತ್ತಿದ್ದ. ವಿಡಿಯೋದ ಹಿಂದೆಯೇ ಆಕೆಯ ನೋಟ್‌ಬುಕ್ಕಿನ ಹಾಳೆಗಳ ಫೋಟೋ ಬಂದವು: “ಇವೂ ಹಾಕ್ರಿ. ನಿಮ್ಮ ಲೆಕ್ಕದಾಗ ಇವು ಇಲ್ಲ.”

ಸೈಟಿನಲ್ಲಿ ಈಗ ಎಂಬತ್ತಾರು ಪುಟಗಳಿವೆ: ನನ್ನವು ಎಂಬತ್ತಮೂರು, ಶಾಂತವ್ವನವು ಮೂರು.