ಕಿಟಕಿ ಎಸಿಯ ಶ್ರುತಿ

ಸೌದಿಯ ಜುಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಬೇಕೆಂದರೆ ಮೊದಲು ಎಸಿ ಆರಿಸಬೇಕು. ಎಸಿ ಆರಿಸಿದ ಸ್ವಲ್ಪ ಹೊತ್ತಿಗೆ ಹಾಡುವವನೂ ಆರಿಹೋಗುತ್ತಾನೆ. ಈ ಎರಡರ ನಡುವೆ ಸಿಕ್ಕಿದ ಬಿಡುವಿನಲ್ಲೇ ನಮ್ಮ ಆಲ್ಬಮ್ಮಿನ ಹಾಡುಗಳೆಲ್ಲ ಹುಟ್ಟಿದವು. ಒಂದೂ ಉದ್ದವಿಲ್ಲ. ಕೇಳಿದವರು “ಎಷ್ಟು ಬಿಗಿಯಾಗಿ ಕಟ್ಟಿದ್ದೀರಿ” ಎಂದು ಹೊಗಳುತ್ತಾರೆ. ಬಿಗಿಯೂ ಇಲ್ಲ, ಎಂತದೂ ಇಲ್ಲ. ಬೆವರು ಕಣ್ಣಿಗಿಳಿದಾಗ ನಿಲ್ಲಿಸಿದೆವು, ಅಷ್ಟೆ.

ಬ್ಯಾಂಡ್ ಎಂದರೆ ಮೊದಲಿಗೆ ಮೂವರು. ಗಿಟಾರಿನವನು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್, ಪ್ಲಾಂಟಿನಲ್ಲಿ ಟೆಕ್ನೀಷಿಯನ್. ಊರಿನ ತುಳುವರ ರೂಢಿಯಂತೆ ನಾವು ಅವನನ್ನು ಪೊರ್ಬು ಎಂದೇ ಕರೆಯುತ್ತಿದ್ದೆವು. ಅವನಿಗೆ ಕಂಟ್ರಿ ಸಂಗೀತದ ಹುಚ್ಚು; ಅಮೆರಿಕದ ಕುದುರೆ ಮೇಯಿಸುವವರ ಹಾಡಿನ ಧಾಟಿಯಲ್ಲಿ ಕೊಂಕಣಿ ಹಾಡು ಕಟ್ಟುತ್ತಿದ್ದ. ದಫ್ ಬಾರಿಸುವವರು ಭಟ್ಕಳದ ಸಾಹೇಬರು, ದಿನಸಿ ಅಂಗಡಿಯ ಯಜಮಾನರು. ಅವರ ಅಂಗಡಿಯ ಹಿಂದಿನ ಗೋಡೌನೇ ನಮ್ಮ ಸ್ಟುಡಿಯೋ, ಏಕೆಂದರೆ ಅಕ್ಕಿಮೂಟೆಗಳು ಸದ್ದನ್ನು ಚೆನ್ನಾಗಿ ನುಂಗುತ್ತವೆ. ಮೂರನೆಯವನು ನಾನು, ಕಂಪನಿಯ ಸ್ಟೋರ್ ಕೀಪರ್. ನನಗೆ ವಾದ್ಯ ಬರುವುದಿಲ್ಲ. ಅಜ್ಜಿಯ ಕಥೆಗಳಿಂದ, ಅಜ್ಜನ ಚಾದಂಗಡಿಯ ಬೆಂಚಿನ ಮೇಲೆ ಕೂತ ಮುದುಕರ ಬಾಯಿಂದ ಕಲಿತ ಮಾತು ಒಂದಿಷ್ಟು ಇತ್ತು. ಪದ ಬರೆಯುವುದು ನನ್ನ ಪಾಲಿಗೆ ಬಂತು. ನನ್ನ ಮನೆಮಾತು ತುಳು, ಪೊರ್ಬುವಿನದು ಕೊಂಕಣಿ, ಸಾಹೇಬರದು ನವಾಯತಿ. ಮೂವರೂ ಸೇರಿದರೆ ಕನ್ನಡ.

“ಕಂಟ್ರಿ ಬ್ಯಾಂಡ್ ಅಂತ ಹೊರಗೆ ಹೇಳ್ಬೇಡ ಮಾರಾಯ,” ಎಂದು ಸಾಹೇಬರು ಮೊದಲ ದಿನವೇ ಪೊರ್ಬುವನ್ನು ಎಚ್ಚರಿಸಿದ್ದರು. “ನಮ್ಮೂರಲ್ಲಿ ಕಂಟ್ರಿ ಅಂದ್ರೆ ಎಂತ ಅಂತ ಗೊತ್ತುಂಟಲ್ಲ? ಇದು ಸೌದಿ. ಪೊಲೀಸರು ಸಾರಾಯಿ ಬಾಟಲಿ ಹುಡುಕ್ಲಿಕ್ಕೆ ಬಂದಾರು.”

ಹೀಗೆ ನಗುತ್ತಲೇ ಆಲ್ಬಮ್ ಬೆಳೆಯಿತು. ಒಂದು ಹಾಡಿನಲ್ಲಿ ಗಿಟಾರಿನ ಕೆಳಗೆ ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವವರ ‘ಓ ಬೇಲೆ’ ಕೂಗು, ಇನ್ನೊಂದರಲ್ಲಿ ಸುಡಾನಿ ಕ್ರೇನ್ ಆಪರೇಟರನ ಚಪ್ಪಾಳೆ, ಮತ್ತೊಂದರಲ್ಲಿ ದಫ್ಫೂ ಬಾಯಿಹಾರ್ಮೋನಿಕಾವೂ ಜಗಳಕ್ಕೆ ಬಿದ್ದ ಹಾಗೆ. ಪೊರ್ಬು ಮಾತ್ರ ಕುಳಿತಲ್ಲಿ ಕುಳಿತಿರುತ್ತಿರಲಿಲ್ಲ. ಮೂಟೆಗಳ ನಡುವೆ ಅತ್ತಿಂದಿತ್ತ ನಡೆಯುತ್ತ, “ಇನ್ನೊಂದು ಬೇಕು. ನಮ್ಮಲ್ಲಿ ಯಾರಲ್ಲೂ ಇಲ್ಲದ್ದು ಒಂದು ಬೇಕು,” ಎನ್ನುತ್ತಿದ್ದ.

ಅದು ನನಗೆ ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆ ಕೇಳಲು ಹೋದಾಗ. ನಾವು ವಾಸವಿದ್ದ ಕ್ಯಾಂಪಿನ ಹಿಂದಿನ ಸಾಲಿನಲ್ಲಿ ಕಂಪನಿ ಬಸ್ಸಿನ ಡ್ರೈವರ್ ಕಾಕ ಇದ್ದರು. ಬ್ಯಾರಿ ಹಿರಿಯರು, ಎಲ್ಲರಿಗೂ ಕಾಕ. ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಹಾಡು ಕೇಳಿತು. ಬೀಡಿ ಕಟ್ಟುತ್ತ ಅವರ ತಾಯಿ ಹಾಡುತ್ತಿದ್ದ ಬ್ಯಾರಿ ಹಾಡಂತೆ. ‘ಕಡಲು ದಾಟಿ ಹೋದವನೇ, ನಿನ್ನ ತಲೆಗೆ ಎಣ್ಣೆ ಒತ್ತುವವರು ಯಾರು’ ಎಂಬ ಅರ್ಥದ್ದು. ಗಂಡಸಿನ ದಪ್ಪ ದನಿಯಲ್ಲಿ ಆ ಹೆಂಗಸರ ಹಾಡು ಕೇಳಿ ನಾನು ಇಸ್ತ್ರಿಪೆಟ್ಟಿಗೆಯನ್ನೇ ಮರೆತೆ.

ಆಲ್ಬಮ್ಮಿಗೆ ಹಾಡಿ ಎಂದರೆ ಕಾಕ ಮೊದಲು ಕೈ ಮುಗಿದರು. ಆಮೇಲೆ ಏನು ಹೊಳೆಯಿತೋ, ನನ್ನ ಎದುರೇ ಊರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು.

“ಕೇಳಿದ್ಯಾ? ನಾನು ಹಾಡ್ತೇನೆ. ಆಲ್ಬಮ್ಮಿಗೆ. ಉಮ್ಮನ ಬೀಡಿ ಹಾಡು.”

“ನೀವು ಹಾಡುದಾ?” ಎಂದರು ಹೆಂಡತಿ ಆ ಕಡೆಯಿಂದ. ಬ್ಯಾರಿ ಮಾತಿನಲ್ಲಿಯೇ ಹೇಳಿದ್ದು. ಅರ್ಥಮಾಡಿಕೊಳ್ಳುವಷ್ಟು ನನಗೆ ಬರುತ್ತದೆ. “ಮನೆಗೆ ಬಂದಾಗ ಸೊಸೆಯತ್ರ ‘ಊಟ ಆಯ್ತಾ’ ಅಂತ ಕೇಳ್ಲಿಕ್ಕೆ ಬಾಯಿ ಬರುದಿಲ್ಲ ನಿಮ್ಗೆ. ಹಾಡ್ತಾರಂತೆ! ಸುಮ್ಮನೆ ಬಸ್ಸು ಬಿಡಿ.”

ಕಾಕ ನಕ್ಕರು. ಫೋನು ಇಟ್ಟ ಮೇಲೆ ನಗು ಉಳಿಯಲಿಲ್ಲ. ಅವರಿಗೆ ಫೈನಲ್ ಎಕ್ಸಿಟ್ ಆಗಿತ್ತು. ಇಕಾಮಾ ಎಂಬ ವಾಸದ ಪರವಾನಗಿ ಮುಗಿದು, ಮರಳಿ ಬರದ ಹಾಗೆ ಊರಿಗೆ ಹೋಗುವುದು; ಟಿಕೆಟ್ಟೂ ಬಂದಿತ್ತು.

“ಪ್ರತೀ ಸಲ ರಜೆಗೆ ಹೋದ್ರೆ ಕಂಬಳಿ, ಸೆಂಟು, ಟ್ಯಾಂಗಿನ ಡಬ್ಬ ತೆಗ್ದು ಹಾಕುದು. ಅದು ಹಂಚಿ ಮುಗಿದ ಮೇಲೆ ನನ್ನತ್ರ ಮಾತೇ ಇರುದಿಲ್ಲ. ನೆಂಟರ ಹಾಗೆ ಕೂತಿರುದು. ಆಗ ತಿರುಗಿ ಬರ್ಲಿಕ್ಕೆ ಒಂದು ದಿನ ಇರ್ತಿತ್ತು. ಈ ಸಲ ಆ ದಿನ ಇಲ್ಲ,” ಎಂದರು. “ಈ ಸಲ ಹಾಡು ಕೊಂಡೋಗ್ತೇನೆ. ಅವಳು ಕೇಳ್ಬೇಕು.”

ಅಲ್ಲಿಂದ ನಮಗೆಲ್ಲ ಚಡಪಡಿಕೆ ಹತ್ತಿತು. ಆಲ್ಬಮ್ ಯಾವಾಗಲಾದರೂ ಮುಗಿಯಲಿ ಎಂದಿದ್ದವರು ಈಗ ಕಾಕನ ವಿಮಾನಕ್ಕೆ ಮೊದಲು ಎಂದು ಹೇಳತೊಡಗಿದೆವು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಕಾಕ ಬಿಳಿ ಅಂಗಿ ಹಾಕಿ ಗೋಡೌನಿಗೆ ಬಂದರು. ಪೊರ್ಬು ಎಸಿ ಆರಿಸಿದ. ಗೋಡೌನು ಗಪ್‌ಚಿಪ್ಪಾಯಿತು. ಕಾಕ ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲ ಸಾಲಿನಲ್ಲೇ ದನಿ ಒಂದು ಮೆಟ್ಟಿಲು ಇಳಿಯಿತು, ಎರಡನೆಯದರಲ್ಲಿ ಎಲ್ಲೋ ಹತ್ತಿತು. ಗಿಟಾರು ಒಂದು ದಾರಿ, ಹಾಡು ಒಂದು ದಾರಿ. ಮತ್ತೆ ಮಾಡಿದರು. ಮತ್ತೆ ಹಾಗೇ. ಮೈಯೆಲ್ಲ ನೀರಾಯಿತು.

“ಕಾಕ, ಹೆದರ್ಬೇಡಿ. ಇಲ್ಲಿ ಯಾರೂ ಇಲ್ಲ,” ಎಂದರು ಸಾಹೇಬರು.

“ಅದೇ,” ಎಂದರು ಕಾಕ. “ಯಾರೂ ಇಲ್ಲದ ಹಾಗೆ ಆಗ್ತದೆ. ಕೈ ಬಿಟ್ಟ ಹಾಗೆ.” ಟೊಪ್ಪಿ ತೆಗೆದು ಮುಖ ಒರಸಿಕೊಂಡರು. “ಅವಳು ಹೇಳಿದ್ದು ಸರಿ. ನನ್ನನ್ನು ಬಿಡಿ, ನೀವು ಮುಗಿಸಿ.”

ಪೊರ್ಬು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತ. ನಾನು ಏನು ಮಾಡಬೇಕೆಂದು ತಿಳಿಯದೆ ಅಕ್ಕಿಮೂಟೆಯ ಹೊಲಿಗೆಯ ದಾರ ಎಳೆಯುತ್ತ ಕುಳಿತೆ. ಅರ್ಧ ಮೂಟೆ ನೆಲಕ್ಕೆ ಸುರಿದಾಗಲೇ ಸಾಹೇಬರು “ಎಂತ ಮಾಡ್ತಿದ್ದೀರಿ!” ಎಂದು ಕೂಗಿದ್ದು.

ಆ ವಾರ ಒಂದು ಸಂಜೆ ಚಾ ಹಿಡಿದು ಕಾಕನ ಕೋಣೆಗೆ ಹೋದೆ. ಅವರು ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತ ತಮ್ಮಷ್ಟಕ್ಕೆ ಹಾಡುತ್ತಿದ್ದರು. ದನಿ ಹಳಿ ಮೇಲಿನ ಗಾಲಿಯ ಹಾಗೆ ಸರಾಗ. ಕಿಟಕಿಯಲ್ಲಿ ಹಳೇ ಎಸಿ ‘ಗುಂಯ್’ ಎಂದು ಮೊರೆಯುತ್ತಿತ್ತು. ನಾನು ಚಾ ಹಿಡಿದೇ ಬಾಗಿಲಲ್ಲಿ ನಿಂತೆ. ಆಗ ಎಸಿಯ ಒಳಗೆ ‘ಟಕ್’ ಎಂದಿತು. ಕೋಣೆ ಸಾಕಷ್ಟು ತಣ್ಣಗಾದರೆ ಕಂಪ್ರೆಸರ್ ತಾನಾಗಿ ನಿಲ್ಲುತ್ತದಲ್ಲ, ಅದು. ಅದರ ಮೊರೆತ ನಿಂತಿತು. ಅದರ ಹಿಂದೆಯೇ ಕಾಕನ ದನಿ ಮೆಟ್ಟಿಲು ತಪ್ಪಿದವರ ಹಾಗೆ ಜಾರಿತು. ಅವರಿಗೆ ಗೊತ್ತೇ ಆಗಲಿಲ್ಲ. ಹಗ್ಗ ಬಿಗಿಯುತ್ತಲೇ ಇದ್ದರು. ಸ್ವಲ್ಪದರಲ್ಲಿ ಮತ್ತೆ ‘ಗುಂಯ್’. ದನಿ ಮರಳಿ ತನ್ನ ಜಾಗಕ್ಕೆ ಬಂತು.

ಇಷ್ಟು ವರ್ಷ ಆ ಕೋಣೆಯಲ್ಲಿ ಒಬ್ಬರೇ ಹಾಡಿಕೊಂಡವರಿಗೆ ತಂಬೂರಿ ಕೊಟ್ಟವರು ಯಾರು? ಆ ಎಸಿಯೇ. ನಾವು ಮಾಡಿದ್ದೇನೆಂದರೆ ಅವರ ಶ್ರುತಿಯನ್ನು ಕಿತ್ತುಕೊಂಡು ಹಾಡಿ ಎಂದದ್ದು.

ಪೊರ್ಬು ನಂಬಲಿಲ್ಲ. “ಆ ದರಿದ್ರ ಸದ್ದು ಓಡಿಸ್ಲಿಕ್ಕೆ ಅಂತ ನಾನು ಇಷ್ಟು ತಿಂಗಳು ಬೆಂದದ್ದು. ಈಗ ಅದನ್ನೇ ಕರ್ದು ಕೂರಿಸ್ಬೇಕಾ?”

“ಕೂರಿಸ್ಬೇಕು.”

“ನಿನ್ನ ತಲೆ!” ಎಂದ. ಆದರೂ ಕಾಕನ ಕೋಣೆಯಲ್ಲೇ ರೆಕಾರ್ಡ್ ಮಾಡುವುದೆಂದು, ಮುಂದಿನ ಶುಕ್ರವಾರವೇ ಎಂದು ಒಪ್ಪಿದ. ಅದು ಕಾಕನ ಕೊನೆಯ ಶುಕ್ರವಾರ.

ಗುರುವಾರ ಮಧ್ಯಾಹ್ನ ಮೇಂಟೆನೆನ್ಸಿನವರು ಹಿಂದಿನ ಸಾಲಿಗೆ ನುಗ್ಗಿದರು. ಕ್ಯಾಂಪಿಗೆಲ್ಲ ಹೊಸ ಸ್ಪ್ಲಿಟ್ ಎಸಿ ಬರುತ್ತದೆಂದು ಗೊತ್ತಿತ್ತು, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ಕಾಕನ ಕಿಟಕಿಗೆ ಪ್ಲೈವುಡ್ ಬಡಿದಾಗಿತ್ತು. ಗೋಡೆಯ ಮೇಲೆ ಬಿಳಿಯ ಹೊಸ ಎಸಿ, ತುಟಿ ಪಿಟಕ್ಕೆನ್ನದೆ ತಂಪು ಬಿಡುತ್ತಿತ್ತು. ಕಾಕ ಮಂಚದ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು.

“ಕಬರಸ್ತಾನದ ಹಾಗೆ ಆಗಿದೆ ಕೋಣೆ,” ಎಂದರು.

ಹಳೇ ಎಸಿ ಹುಡುಕುತ್ತ ನಾನು ಸಾಲಿನ ಕೊನೆಯವರೆಗೆ ಓಡಿದೆ. ಆಮೇಲೆ ಹೊಳೆಯಿತು: ಕಿತ್ತ ಎಸಿಗಳು ಎಲ್ಲಿಗೆ ಬರಬೇಕು? ನನ್ನ ಸ್ಟೋರಿಗೇ ಅಲ್ಲವೇ!

ಶುಕ್ರವಾರ ನಾಲ್ವರೂ ಸಾಹೇಬರ ವ್ಯಾನಿನಲ್ಲಿ ಸ್ಟೋರಿಗೆ ಹೋದೆವು. ತಗಡಿನ ಶೆಡ್ಡು, ಒಳಗೆ ಒಲೆಯ ಬಿಸಿ. ಒಂದರ ಮೇಲೊಂದು ಹಳೇ ಎಸಿಗಳ ರಾಶಿ, ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ಕೋಣೆಯ ನಂಬರು. ಕಾಕನ ಎಸಿಯನ್ನು ಎಳೆದು, ಎರಡು ಡ್ರಮ್ಮಿನ ಮೇಲೆ ಕೂರಿಸಿ, ಪ್ಲಗ್ ಹಾಕಿದೆವು. ಮುಂದಿನಿಂದ ತಂಪು, ಹಿಂದಿನಿಂದ ಬೆಂಕಿ. ಹಿಂದೆ ನಿಂತ ಸಾಹೇಬರು “ಯಲ್ಲಾ, ಬೇಗ ಮುಗಿಸಿ, ನಾನು ಹಪ್ಪಳ ಆದೆ,” ಎಂದರು.

ಕಾಕ ತಲೆ ಓರೆ ಮಾಡಿ ಕೇಳಿದರು. “ಇದಲ್ಲ.”

“ನಂಬರು ನಿಮ್ಮದೇ ಕಾಕ.”

“ನಂಬರು ಇರ್ಲಿ. ಇದು ಅಲ್ಲ. ಅರ್ಧ ಉಂಟು, ಅರ್ಧ ಇಲ್ಲ.”

ಬೇರೆ ಎರಡು ಹಾಕಿ ನೋಡಿದೆವು. ಒಂದು ಕೆಮ್ಮಿ ನಿಂತಿತು. ಇನ್ನೊಂದಕ್ಕೆ ಕಾಕ “ಹೌದು, ಇದೇ, ಸಮ ಇದೇ!” ಎಂದು ಹಾಡಲು ಹೋಗಿ, ಎರಡನೇ ಸಾಲಿಗೆ ತಾವೇ ತಲೆ ಆಡಿಸಿದರು. ಪೊರ್ಬು ಗಿಟಾರನ್ನು ವ್ಯಾನಿನಲ್ಲಿಟ್ಟು ಬಂದ. ನಾನು ನಂಬರು ನೋಡುತ್ತ ರಾಶಿಯ ಸುತ್ತ ತಿರುಗಿದೆ. ಕಾಕನ ಪಕ್ಕದ ಕೋಣೆಯ ನಂಬರು ಕಣ್ಣಿಗೆ ಬಿತ್ತು. ಅಲ್ಲಿದ್ದವನು ಒಬ್ಬ ಪಠಾಣ ವೆಲ್ಡರ್. ಅವನ ಎಸಿ ಗದ್ದಲ ಮಾಡುತ್ತದೆಂದು ಕಾಕ ವರ್ಷಗಳಿಂದ ಅವನೊಡನೆ ಜಗಳವಾಡುತ್ತಿದ್ದರು.

ಅದನ್ನೂ ತಂದು ಕಾಕನ ಎಸಿಯ ಪಕ್ಕ ಇಟ್ಟು ಪ್ಲಗ್ ಹಾಕಿದೆ. ಒಂದರ ಗುಂಯ್‌ಗೆ ಇನ್ನೊಂದರ ಗುಂಯ್ ತಾಗಿ, ಶೆಡ್ಡಿನಲ್ಲಿ ಮೆಲ್ಲನೆ ತೂಗುವ ಒಂದು ದಪ್ಪ ನಾದ ಎದ್ದಿತು.

ಕಾಕ ಎಸಿಯ ನೆತ್ತಿಯ ಮೇಲೆ ಕೈಯಿಟ್ಟರು. “ಆ ಪಠಾಣಂದಾ? ಅಲ್ಲಾ, ಇದಕ್ಕೆ ನಾನು ಎಷ್ಟು ಸಲ ಗೋಡೆ ಗುದ್ದಿದ್ದೇನೆ!”

“ತಾಳ ಹಾಕಿದ್ದು ಕಾಕ ನೀವು,” ಎಂದರು ಸಾಹೇಬರು.

ಪೊರ್ಬು ವ್ಯಾನಿಗೆ ಓಡಿ ಗಿಟಾರು ತಂದ. ಮೊಣಕಾಲೂರಿ ಕುಳಿತು ತಂತಿಗಳನ್ನು ಎಸಿಗೆ ಹೊಂದಿಸತೊಡಗಿದ. “ಇದು ಹಾರ್ಮೋನಿಯಮ್ಮಿನ ಯಾವ ಮನೆಯ ಶ್ರುತಿಯೂ ಅಲ್ಲ ಮಾರಾಯ, ಎರಡು ಮನೆಯ ನಡುವಿನ ಗಲ್ಲಿ,” ಎಂದು ಗೊಣಗಿದ. ಶೆಡ್ಡು ಎಷ್ಟು ಕಾದಿತ್ತೆಂದರೆ ಕಂಪ್ರೆಸರುಗಳು ‘ಟಕ್’ ಎನ್ನುವ ಪ್ರಶ್ನೆಯೇ ಇರಲಿಲ್ಲ. ಅವು ನಿಲ್ಲದೆ ಮೊರೆದವು. ಕಾಕ ಕಣ್ಣು ಮುಚ್ಚಲಿಲ್ಲ. ಕೈಯನ್ನು ಎಸಿಯ ಮೇಲೇ ಇಟ್ಟುಕೊಂಡು, ಗೋಡೆಯ ತಗಡು ನೋಡುತ್ತ ಹಾಡಿದರು. ದಫ್ ಬೆರಳ ತುದಿಯಲ್ಲಿ, ಗಿಟಾರು ಅದರ ಹಿಂದೆ ಕುದುರೆ ನಡಿಗೆಯಲ್ಲಿ. ಒಂದೇ ಸಲಕ್ಕೆ ಮುಗಿಯಿತು. ಯಾರೂ ಇನ್ನೊಮ್ಮೆ ಎನ್ನಲಿಲ್ಲ. ಹೇಳಲು ಯಾರಲ್ಲೂ ನೀರಿನ ಪಸೆಯೂ ಉಳಿದಿರಲಿಲ್ಲ.

ಕಾಕನನ್ನು ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ಹಾಡು ಹದಗೊಳಿಸಿ ಕಳಿಸುತ್ತೇನೆಂದು ಪೊರ್ಬು ಮಾತು ಕೊಟ್ಟಿದ್ದ. ಆದರೆ ಕಂಪ್ಯೂಟರಿನ ಮುಂದೆ ಕುಳಿತವನು ಎರಡು ವಾರ ಹೊಯ್ದಾಡಿದ. ಆ ಮೊರೆತವನ್ನು ತೊಳೆದು ತೆಗೆಯುವ ಉಪಾಯ ಅವನಿಗೆ ಗೊತ್ತಿತ್ತು. “ತೆಗೆದ್ರೆ ಕಾಕನ ದನಿ ಬಂಗಾರ. ಬಿಟ್ರೆ ಜನ ನಗ್ತಾರೆ,” ಎಂದು ದಿನಕ್ಕೊಂದು ಸಲ ಫೋನು ಮಾಡುತ್ತಿದ್ದ. ನಾನು ಒಂದು ದಿನ ಬಿಡು ಎನ್ನುತ್ತಿದ್ದೆ, ಮರುದಿನ ತೆಗೆ ಎನ್ನುತ್ತಿದ್ದೆ. ಊರಿನಿಂದ ಕಾಕನ ಸುದ್ದಿಯೇ ಇರಲಿಲ್ಲ. ಕೊನೆಗೆ ತಾಳ್ಮೆಗೆಟ್ಟು ಇದ್ದ ಹಾಗೇ ಕಳಿಸಿಬಿಟ್ಟೆವು.

ಮರುದಿನ ನಾವು ಗೋಡೌನಿನಲ್ಲಿದ್ದಾಗ ಪೊರ್ಬುವಿಗೆ ಫೋನು ಬಂತು, ಸ್ಪೀಕರಿಗೆ ಹಾಕಿದ. ಮಾತಾಡಿದ್ದು ಕಾಕನ ಹೆಂಡತಿ.

“ಅದಕ್ಕೆ ಮಿಶಿನಿನ ಸದ್ದು ಎಂತಕ್ಕೆ ಹಾಕಿದ್ದು ನೀವು?”

ಪೊರ್ಬು ನನ್ನನ್ನು ನೋಡಿದ. ನಾನು ಫೋನನ್ನು ಅವನ ಕಡೆಗೇ ತಳ್ಳಿದೆ.

“ಇಷ್ಟು ವರ್ಷ ಇವರು ಫೋನು ಮಾಡುವಾಗ ಹಿಂದೆ ಅದೇ ಗುಂಯ್ ಇರ್ತಿತ್ತು. ಮನೆಗೆ ಬಂದ ಮೇಲೆ ಮಾತಾಡಿದ್ರೆ ಬೇರೆ ಯಾರೋ ಮಾತಾಡಿದ ಹಾಗೆ ಆಗ್ತಿತ್ತು ನನಗೆ. ಪಾಪ, ಹೇಳುದು ಹೇಗೆ ಅಂತ ಸುಮ್ಮನಿದ್ದೆ. ನಿನ್ನೆ ಅದು ಕೇಳಿದಾಗ ಗೊತ್ತಾಯ್ತು, ಇವರೇ ಇದು ಅಂತ. ಬೆಳಿಗ್ಗೆಯಿಂದ ನಾಲ್ಕು ಸಲ ಹಾಕ್ಸಿದ್ದೇನೆ.” ಅಷ್ಟಕ್ಕೇ ಬಿಡದೆ, “ಎರಡನೇ ಸಾಲು ತಪ್ಪು ಹಾಡಿದ್ದಾರೆ. ಎಣ್ಣೆ ಒತ್ತುದು ಮೊದಲು ಅಲ್ಲ, ಕೊನೆಗೆ. ನಾನೂ ಬೀಡಿ ಕಟ್ಟಿದವಳೇ. ಈಗ ಕೂರ್ಸಿ ಕಲಿಸ್ತಾ ಇದ್ದೇನೆ.”

ಹಿಂದಿನಿಂದ ಕಾಕನ ನಗು ಕೇಳಿತು. ಪೊರ್ಬು ಆ ಮೊರೆತವನ್ನು ಮುಟ್ಟಲಿಲ್ಲ. ಆಲ್ಬಮ್ಮಿನ ಕೊನೆಯ ಹಾಡು ಅದೇ.

ಈಗ ನಮ್ಮ ಸಾಲಿಗೂ ಹೊಸ ಎಸಿ ಬಂದಿದೆ. ಸದ್ದಿಲ್ಲದ ಕೋಣೆಯಲ್ಲಿ ನನಗೆ ಕೂತರೆ ಎದ್ದುಹೋಗೋಣ ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ. ನಿನ್ನೆ ಮನೆಗೆ ಫೋನು ಮಾಡಿದೆ. ಹಲೋ ಎಂದೆ, ಊಟ ಆಯ್ತಾ ಎಂದೆ. ಹೆಂಡತಿ ಕೇಳಿದಳು:

“ಎಲ್ಲಿದ್ದೀರಿ ನೀವು? ಕೋಣೆಯಲ್ಲಿ ಇಲ್ವಾ?”